ಬೀಜ ಯಾರದು

ಕುಂಬಳಕಾಯಿ ಪ್ರದರ್ಶನದ ಮೈದಾನದಲ್ಲಿ ತೂಕದ ಸರಪಳಿ ಬಿಗಿಯಾಯಿತು. ಕಾಯಿಯ ಅಡಿಯಲ್ಲಿ ಹಾಯಿಸಿದ್ದ ನಾಲ್ಕು ಕ್ಯಾನ್ವಾಸ್ ಪಟ್ಟಿಗಳು ಒಮ್ಮೆ ಕಿರುಗುಟ್ಟಿದವು. ಆಮೇಲೆ ನರ್ಸಮ್ಮನ ಕುಂಬಳಕಾಯಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು.

“ಮೆಲ್ಲಗೆ! ತಲೆ ಕಡೆ ಹಿಡ್ಕೊಳ್ರಪ್ಪಾ!” ಎಂದು ನರ್ಸಮ್ಮ ಕೂಗಿದರು. ಕುಂಬಳಕಾಯಿಗೆ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯದೆ ಸರಪಳಿ ಎಳೆಯುತ್ತಿದ್ದವರು ಎರಡೂ ಕಡೆ ಕೈ ಕೊಟ್ಟರು.

ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಹೆಂಗಸು. ಹುಟ್ಟಿದ ಕೂಸನ್ನು ಒರೆಸಿ, ತಕ್ಕಡಿಯ ಮೇಲೆ ಮಲಗಿಸಿ, ತೂಕ ಬರೆದು, ತಾಯಿಯ ಹೆಸರಿನ ಚೀಟಿಯನ್ನು ಅದರ ಮಣಿಕಟ್ಟಿಗೆ ಕಟ್ಟಿ ಕೊಡುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಜಾಗದಲ್ಲಿ ಕುಂಬಳದ ಬಳ್ಳಿ ಹಬ್ಬಿಸಿದರು. ಕೈಯ ಅಭ್ಯಾಸ ಮಾತ್ರ ಹೋಗಲಿಲ್ಲ. ಹೆಣ್ಣು ಹೂವು ಯಾವ ದಿನ ಅರಳಿತು, ಅದಕ್ಕೆ ಯಾವ ಗಂಡು ಹೂವಿನ ಪರಾಗ ಮುಟ್ಟಿಸಿದ್ದು, ಕಾಯಿ ದಿನಕ್ಕೆ ಎಷ್ಟು ಅಂಗುಲ ಬೆಳೆಯಿತು, ಎಲ್ಲ ಬರೆದಿಡುತ್ತಿದ್ದರು. ಪ್ರತಿ ವರ್ಷ ಬಳ್ಳಿಗೊಂದೇ ಕಾಯಿ. ಅದರ ಬೀಜಗಳಲ್ಲಿ ಜೊಳ್ಳನ್ನೆಲ್ಲ ಎಸೆದು, ದಪ್ಪನೆಯವನ್ನು ಮಾತ್ರ ಕಾಗದದ ಲಕೋಟೆಗೆ ತುಂಬಿ, ಮೇಲೆ ತಾಯಿ ತಂದೆ ಇಸವಿ ಬರೆದು, ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಹೀಗೆ ಏಳು ತಲೆಮಾರು. ಮೊದಲ ಕಾಯಿ ಇಪ್ಪತ್ತಾರು ಕಿಲೋ ಇತ್ತು.

ತೂಕದ ಯಂತ್ರದ ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ನಿಂತವು.

“ಇನ್ನೂರ ಮೂವತ್ತೊಂದು!” ಧ್ವನಿವರ್ಧಕ ಹೇಳಿತು. ಈ ಪ್ರದರ್ಶನದಲ್ಲಿ ಅಷ್ಟು ಭಾರದ ಕಾಯಿ ಅದುವರೆಗೆ ಯಾರೂ ತಂದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನರ್ಸಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೆರಗು ಸರಿಮಾಡಿಕೊಂಡು, ಹಲ್ಲು ಕಾಣದಂತೆ ನಗಲು ನೋಡಿದರು, ಆಗಲಿಲ್ಲ.

“ಕೇಳಿಸ್ತೇನ್ರೀ?” ಎಂದು ಗಂಡನ ಕಡೆ ತಿರುಗಿದರು.

ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೆಲಸ ಮಾಡುವಾಗಲೂ ಬಾಯಿಗೆ ಬಿಡುವು ಕೊಡದ ಮನುಷ್ಯ. ಅಂಥವನು ಅಂದು ಬೆಳಗಿನಿಂದ ಮೂಗನಂತಿದ್ದ. “ಹೂಂ, ಕೇಳಿಸ್ತು,” ಎಂದವನೇ, “ಯಾಕೋ ಬಾಯಾರಿಕೆ,” ಎಂದು ನೀರಿನ ನಲ್ಲಿಯ ಕಡೆ ಹೊರಟೇಬಿಟ್ಟ.

ಉಳಿದದ್ದು ಒಂದೇ ಕಾಯಿ, ಬೇಕರಿಯವನದು. ಮೊದಲ ಸಲ ಸ್ಪರ್ಧೆಗೆ ಬಂದವನು. ಎರಡು ವರ್ಷದ ಹಿಂದೆ ಬೀಜ ಕೇಳಿಕೊಂಡು ನರ್ಸಮ್ಮನ ಮನೆ ಬಾಗಿಲಿಗೆ ಬಂದಿದ್ದ. “ಬರೆದಿಡೋ ಅಭ್ಯಾಸ ಇದೆಯಾ ನಿನಗೆ?” ಎಂದು ಕೇಳಿದ್ದರು. “ಬೇಕರಿಯಲ್ಲಿ ಎಲ್ಲ ಕೈ ಅಂದಾಜು ನರ್ಸಮ್ಮ,” ಎಂದಿದ್ದ. ಅಲ್ಲಿಗೆ ಮಾತು ಮುಗಿದಿತ್ತು. ಒಮ್ಮೆ ಯಾರಿಗೋ ಕೊಟ್ಟ ಬೀಜ, ದುಂಬಿಗಳು ಕಂಡಕಂಡ ಹೂವಿನ ಪರಾಗ ತಂದು ಬೆರಕೆಯಾಗಿ, ಕಡೆಗೆ ಕಾಯಿ ಹಂದಿಗಳ ಪಾಲಾಗಿತ್ತು. ಅಂದಿನಿಂದ ಅವರ ಡಬ್ಬಿಯ ಮುಚ್ಚಳ ಬೇರೆಯವರಿಗೆ ತೆರೆದಿರಲಿಲ್ಲ.

ಬೇಕರಿಯವನು ಗಾಡಿಯ ಮೇಲಿನ ಟಾರ್ಪಾಲು ಸರಿಸಿದ.

ನರ್ಸಮ್ಮ ಮೊದಲು ನೋಡಿದ್ದು ಗಾತ್ರವನ್ನಲ್ಲ. ಮಾಸಿದ ಗುಲಾಬಿ ಬಣ್ಣ ನೋಡಿದರು. ತೊಟ್ಟಿನ ಎಡಗಡೆ, ಯಾರೋ ಹಸಿ ಮಣ್ಣಿನಲ್ಲಿ ಹೆಬ್ಬೆರಳು ಒತ್ತಿದ ಹಾಗಿದ್ದ ಒಂದು ಕುಳಿ ನೋಡಿದರು. ಆ ಕುಳಿ ಅವರ ಮೂರನೆಯ ತಲೆಮಾರಿನಲ್ಲಿ ಮೂಡಿದ್ದು. ಅಲ್ಲಿಂದಾಚೆ ಒಂದು ಕಾಯಿಯೂ ಅದಿಲ್ಲದೆ ಬಂದಿರಲಿಲ್ಲ. ಒಂದು ಮನೆತನದವರ ಮೂಗು ಸಾವಿರ ಜನರ ನಡುವೆಯೂ ಗುರುತು ಸಿಗುವುದಿಲ್ಲವೇ, ಹಾಗೆ.

“ಇನ್ನೂರ ಅರವತ್ತನಾಲ್ಕು!” ಎಂದಿತು ಧ್ವನಿವರ್ಧಕ.

ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು. ನರ್ಸಮ್ಮನಿಗೆ ಅದು ಕೇಳಿಸಲಿಲ್ಲ. ಅವರು ನೀರಿನ ನಲ್ಲಿಯತ್ತ ನೋಡುತ್ತಿದ್ದರು. ಗಂಡ ಅಲ್ಲಿ ನಲ್ಲಿ ತಿರುಗಿಸದೆಯೇ ಕೈ ತೊಳೆಯುತ್ತಿದ್ದ.

“ಎಷ್ಟು ಕೊಟ್ರಿ?” ಹತ್ತಿರ ಹೋಗಿ ಕೇಳಿದರು.

“ಏನು?”

“ಬೀಜ.”

“ನಾಲ್ಕೇ ನಾಲ್ಕು ಕಣೇ.”

“ಯಾವಾಗ?”

“ನೀನು ಮಂಡಿ ಆಪರೇಷನ್‌ಗೆ ಆಸ್ಪತ್ರೇಲಿದ್ಯಲ್ಲ, ಆಗ. ಅವರಪ್ಪನ ಕೈಗಡಿಯಾರ ರಿಪೇರಿಗೆ ತಂದಿದ್ದ. ಮಾತು ಕುಂಬಳಕಾಯಿ ಕಡೆ ಹೋಯ್ತು. ಸುಳ್ಳು ಹೇಳಲ್ಲ, ಬಿಸಿ ಬನ್ನೂ ತಂದಿದ್ದ.” ಗಂಡ ಒಣಗಿದ ಕೈಯನ್ನೇ ಅಂಗಿಗೆ ಒರೆಸಿಕೊಂಡ. “ಬನ್ನಿಗೆ ಕೊಟ್ಟೆ ಅನ್ಕೋಬೇಡ. ನೀನು ಆಪರೇಷನ್ ಕೋಣೆಗೆ ಹೋದ ದಿನ ಮನೆಗೆ ಬಂದು ಆ ಡಬ್ಬಿ ನೋಡ್ದೆ. ಒಂದೇ ಡಬ್ಬಿ, ಒಂದೇ ಮನೆ. ಒಂದೇ ಒಂದು ನೀನು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇದನ್ನ ಏನ್ಮಾಡೋದು ಅಂತ ನನಗೆ ಗೊತ್ತಾಗ್ಲಿಲ್ಲ.”

“ಎರಡು ವರ್ಷ ಬಾಯಿ ಮುಚ್ಕೊಂಡಿದ್ರಾ? ನೀವಾ?”

“ನನ್ನ ಹೊಟ್ಟೆ ಎಷ್ಟು ಉಬ್ಬಿತ್ತು ಅಂತ ನನಗೇ ಗೊತ್ತು,” ಎಂದ ಗಂಡ.

ನರ್ಸಮ್ಮ ಮತ್ತೆ ಆ ಗುಲಾಬಿ ಕಾಯಿಯ ಕಡೆ ತಿರುಗಿದರು. ಆಸ್ಪತ್ರೆಯಿಂದ ಬಂದಾಗ ಅವರನ್ನು ಎದುರುಗೊಂಡದ್ದು ಬೂಷ್ಟು ಹಿಡಿದ ಡಬ್ಬಿ. ಅಟ್ಟ ಸೋರಿ, ಮುಚ್ಚಳದ ಸಂದಿಯಿಂದ ನೀರು ಇಳಿದು, ಮುನ್ನೂರು ಬೀಜ ಕಪ್ಪಾಗಿದ್ದವು. ಚೆನ್ನಾಗಿ ಉಳಿದದ್ದು ಆರು. ಮಂಡಿ ಸುಧಾರಿಸುವವರೆಗೆ ಅವನ್ನು ಒಂದು ವರ್ಷ ದಿಂಬಿನ ಕೆಳಗಿಟ್ಟುಕೊಂಡಂತೆ ಕಾಪಾಡಿ ಈ ಸಲ ಬಿತ್ತಿದರೆ, ಮೊಳೆತದ್ದು ಒಂದೇ. ಆ ಬಳ್ಳಿಯಲ್ಲಿ ಹೆಣ್ಣು ಹೂವು ಅರಳಿದ ಬೆಳಗ್ಗೆ ಗಂಡು ಹೂವು ಒಂದೂ ಇರಲಿಲ್ಲ. ಕಾಯುವಂತಿರಲಿಲ್ಲ, ಅಂಗಡಿಯ ಬೀಜದ ಬಳ್ಳಿಯಿಂದ ಹೂವು ಕಿತ್ತು ತಂದು ಪರಾಗ ಮುಟ್ಟಿಸಿದ್ದರು. ಕಾಯಿ ದೊಡ್ಡದಾಗಿ ಬಂತು, ನಿಜ. ಆದರೆ ಅದರೊಳಗಿನ ಬೀಜ ಬೆರಕೆಯದು. ತಮ್ಮ ಏಳು ತಲೆಮಾರು ಅಲ್ಲಿಗೇ ಮುಗಿಯಿತೆಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ತಳಿ ಹೋಗುವಾಗ ಒಂದು ಬಹುಮಾನವನ್ನಾದರೂ ತಗೊಂಡು ಹೋಗಲಿ ಎಂದು ಈ ಮೈದಾನಕ್ಕೆ ತಂದಿದ್ದರು.

ಅವರು ಬೇಕರಿಯವನ ಹತ್ತಿರ ಹೋದರು. ಸುತ್ತ ನೆರೆದಿದ್ದವರು ದಾರಿ ಬಿಟ್ಟರು. ಅವರಲ್ಲಿ ಅರ್ಧಕ್ಕರ್ಧ ಜನರನ್ನು ಹುಟ್ಟಿದ ದಿನ ತೂಗಿದ್ದವರು ಅವರೇ.

ಬೇಕರಿಯವನು ನೋಡಿದ ಕೂಡಲೇ ಎದ್ದು ನಿಂತ. “ನರ್ಸಮ್ಮ, ನಾನು… ನಿಮ್ಮ ಯಜಮಾನ್ರು…”

“ಅದು ಆಮೇಲೆ. ಹೂವು ಕಟ್ಟಿದ್ಯಾ?”

“ಹೂಂ?”

“ಹೆಣ್ಣು ಹೂವು. ಅರಳೋ ಮುಂಚೆ ದಾರ ಕಟ್ಟಿದ್ಯಾ, ಇಲ್ಲ ದುಂಬಿಗೆ ಬಿಟ್ಟಿದ್ಯಾ?”

“ಹಿಂದಿನ ಸಂಜೇನೇ ಕಟ್ಟಿದ್ದೆ. ಬ್ರೆಡ್ ಕವರಿಗೆ ಕಟ್ಟೋ ದಾರದಲ್ಲೇ. ಬೆಳಗ್ಗೆ ಪರಾಗ ಮುಟ್ಸಿ ಮತ್ತೆ ಕಟ್ಟಿದೆ.”

“ಯಾವ ಗಂಡು?”

ಬೇಕರಿಯವನು ಅಂಗಿಯ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದ. ಹಾಳೆಗಳ ಅಂಚಿನಲ್ಲಿ ಮೈದಾಹಿಟ್ಟು ಮೆತ್ತಿಕೊಂಡಿತ್ತು. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದ. “ಅದೇ ಬಳ್ಳಿದು. ಹೋದ ವರ್ಷ ಜಾಗಾನೇ ಇರ್ಲಿಲ್ಲ, ಈ ವರ್ಷ ನೆಟ್ಟಿದ್ದೂ ಒಂದೇ ಬಳ್ಳಿ. ನಾಲ್ಕರಲ್ಲಿ ಮೂರು ಮೊಳೀತು, ಗಟ್ಟಿಯಾದ್ದು ಒಂದನ್ನ ಉಳಿಸ್ದೆ. ನೋಡಿ, ಇಲ್ಲಿದೆ. ಎರಡು ಗಂಡು ಹೂವು. ಬೆಳಗ್ಗೆ ಆರೂವರೆ.”

“ಬರೆಯೋದು ಯಾರು ಕಲಿಸಿದ್ದು?”

“ಯಜಮಾನ್ರೇ ಹೇಳಿದ್ರು. ‘ಬರೆದಿಡದೇ ಇದ್ರೆ, ಗೊತ್ತಾದ ದಿನ ಅವಳು ನಿನ್ನೂ ಬಿಡಲ್ಲ, ನನ್ನೂ ಬಿಡಲ್ಲ’ ಅಂತ.”

ನರ್ಸಮ್ಮ ಪುಸ್ತಕ ತೆಗೆದುಕೊಂಡು ಕನ್ನಡಕ ಏರಿಸಿದರು. ಅಕ್ಷರ ಕೋಳಿ ಕೆದರಿದ ಹಾಗಿತ್ತು. ಆದರೆ ಒಂದು ದಿನವೂ ತಪ್ಪಿರಲಿಲ್ಲ. ಮಳೆ ಬಂದದ್ದು, ಎಲೆಗೆ ಹುಳ ಬಿದ್ದದ್ದು, ಅಮ್ಮನಿಗೆ ಜ್ವರ ಬಂದು ನೀರು ಹಾಕುವುದು ತಡವಾದದ್ದು ಕೂಡ ಅಲ್ಲಿತ್ತು. ಅವರು ಕೊನೆಯ ಪುಟದವರೆಗೆ ಓದಿದರು, ನಿಧಾನವಾಗಿ. ಆಮೇಲೆ ಕಾಯಿಯ ಹತ್ತಿರ ಹೋಗಿ ಅಂಗೈಯಿಟ್ಟರು. ಬಿಸಿಲಿಗೆ ಅದರ ಮೈ ಬೆಚ್ಚಗಿತ್ತು. ಇನ್ನೂರ ಅರವತ್ತನಾಲ್ಕು ಕಿಲೋ, ಅದರ ಹೊಟ್ಟೆಯ ತುಂಬ ಬೀಜ, ಬೆರಕೆಯಿಲ್ಲದ್ದು. ಎಂಟನೆಯ ತಲೆಮಾರು.

ಅವರ ಮುಖ ನೋಡಿ ಬೇಕರಿಯವನಿಗೆ ಏನು ತೋಚಿತೋ. “ಬಹುಮಾನ ಬೇಕಾದ್ರೆ ನೀವೇ ಇಟ್ಕೊಳ್ಳಿ ನರ್ಸಮ್ಮ,” ಎಂದ.

“ಹುಚ್ಚಪ್ಪ. ಬೆಳೆಸಿದವನು ನೀನು. ನಡೀ ನನ್ನ ಜೊತೆ.”

ತೂಕದ ಮೇಜಿನ ಗುಮಾಸ್ತ ಫಾರಂಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದ. ನರ್ಸಮ್ಮ ಬೇಕರಿಯವನ ಫಾರಂ ಕೇಳಿ ಪಡೆದು ಓದಿದರು. ಬೆಳೆಗಾರ: ಬೇಕರಿಯವನ ಹೆಸರು. ತೂಕ: ಸರಿ. ಬೀಜದ ಮೂಲ ಎಂದಿದ್ದಲ್ಲಿ ‘ಸ್ವಂತ’ ಎಂದಿತ್ತು.

“ಇದೇನಪ್ಪಾ?”

ಬೇಕರಿಯವನು ನೆಲ ನೋಡಿದ. “‘ಅವಳ ಹೆಸರು ಬರೀಬೇಡ, ಮನೇಲಿ ನನಗೆ ಊಟ ಹುಟ್ಟಲ್ಲ’ ಅಂದ್ರು ಯಜಮಾನ್ರು.”

“ಇದನ್ನ ಹೊಡೆದುಹಾಕಿ ಸರಿಯಾಗಿ ಬರೀರಿ,” ಎಂದರು ನರ್ಸಮ್ಮ ಗುಮಾಸ್ತನಿಗೆ.

“ಇನ್ನು ಆಗಲ್ಲ ಮೇಡಂ. ತೂಕ ಆದ್ಮೇಲೆ ಫಾರಂ ಮುಟ್ಟೋ ಹಾಗಿಲ್ಲ. ಅಷ್ಟಕ್ಕೂ ಅದನ್ನ ಯಾರು ಓದ್ತಾರೆ? ಬಹುಮಾನ ಬೆಳೆದವರಿಗೆ, ಬೀಜಕ್ಕಲ್ಲ.”

“ಬಹುಮಾನ ಯಾರು ಕೇಳಿದ್ರು ನಿಮ್ಮನ್ನ?” ನರ್ಸಮ್ಮನ ದನಿ ಏರಲಿಲ್ಲ. ವಾರ್ಡಿನಲ್ಲಿ ದೊಡ್ಡ ಡಾಕ್ಟರು ತಪ್ಪು ಮಾಡಿದಾಗಲೂ ಅವರು ಇದೇ ದನಿಯಲ್ಲಿ ಮಾತಾಡುತ್ತಿದ್ದುದು. “ನಾನು ಹನ್ನೊಂದು ಸಾವಿರ ಮಕ್ಕಳ ತೂಕ ಬರೆದಿದ್ದೀನಿ. ತಾಯಿ ಹೆಸರಿಲ್ಲದೆ ಒಂದನ್ನೂ ಬರೆದಿಲ್ಲ. ಇದಕ್ಕೂ ತಾಯಿ ಇದೆ. ನೂರ ಎಂಬತ್ತೆಂಟು ಕಿಲೋದ ಕಾಯಿ, ಎರಡು ವರ್ಷದ ಹಿಂದಿಂದು. ಅದರ ತಾಯಿ ನೂರ ನಲವತ್ತು. ಅದರ ತಾಯಿ ನೂರ ಹನ್ನೆರಡು. ಮೊದಲನೇದರವರೆಗೂ ಹೇಳ್ಲಾ? ನನಗೇನೂ ಅವಸರ ಇಲ್ಲ.”

ಗುಮಾಸ್ತ ಹಿಂದೆ ಸೇರುತ್ತಿದ್ದ ಜನರನ್ನು ನೋಡಿದ. ಬೇಕರಿಯವನು ಬಗ್ಗಿ, “ಬರೀರಿ ಸಾರ್. ತಪ್ಪು ಬರೆಸಿದ್ದು ನಾನೇ. ಬೇಕಾದ್ರೆ ಪಕ್ಕದಲ್ಲಿ ಸಹಿ ಹಾಕ್ತೀನಿ,” ಎಂದ. ಗುಮಾಸ್ತ ದಾರ ಬಿಚ್ಚಿ, ‘ಸ್ವಂತ’ ಎಂಬುದರ ಮೇಲೆ ಗೆರೆ ಎಳೆದ.

ಸ್ವಲ್ಪ ಹೊತ್ತಿಗೆ ಧ್ವನಿವರ್ಧಕ ಗರಗರ ಎಂದಿತು. ಮೊದಲ ಬಹುಮಾನ ಬೇಕರಿಯವನಿಗೆ, ಎರಡನೆಯದು ನರ್ಸಮ್ಮನಿಗೆ. ಆಮೇಲೆ ಓದುವವನು ತಡವರಿಸಿ, ಯಾರನ್ನೋ ಏನೋ ಕೇಳಿ, ಮತ್ತೆ ಓದಿದ: “ಮೊದಲ ಬಹುಮಾನದ ಕಾಯಿಯ ಬೀಜ, ನರ್ಸಮ್ಮನವರ ತಳಿ. ಎಂಟನೆಯ ತಲೆಮಾರು.”

ಎರಡನೆಯ ಬಹುಮಾನ ಪಡೆದವರು ಹಾಗೆ ಎದೆಯುಬ್ಬಿಸಿ ವೇದಿಕೆ ಹತ್ತಿದ್ದನ್ನು ಅಲ್ಲಿದ್ದವರು ಹಿಂದೆ ಕಂಡಿರಲಿಲ್ಲ. ಮಂಡಿ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲವಾದರೂ ಕೈ ಹಿಡಿಯಲು ಬಂದವರನ್ನು ದೂರ ಸರಿಸಿ ಮೂರು ಮೆಟ್ಟಿಲನ್ನೂ ತಾವೇ ಹತ್ತಿದರು. ಕೆಳಗೆ ಗಂಡ ಪಕ್ಕದವನಿಗೆ, “ನಮ್ಮನೆಯವಳು,” ಎಂದು ಹೇಳುತ್ತಿದ್ದುದು ಕಾಣಿಸಿತು. ಆ ಪಕ್ಕದವನಿಗೆ ಹೇಳಿ ಮುಗಿಸಿ, ಈ ಪಕ್ಕದವನ ಕಡೆ ತಿರುಗಿದ್ದ.

ಎರಡು ವಾರ ಕಳೆದ ಮೇಲೆ ಬೇಕರಿಯ ಹಿಂದಿನ ಕೋಣೆಯಲ್ಲಿ ಕಾಯಿ ಕೊಯ್ದರು. ನರ್ಸಮ್ಮ ಸೀಮೆಸುಣ್ಣದಿಂದ ಗೆರೆ ಹಾಕಿದರು. ಬೇಕರಿಯವನು ಗರಗಸ ಹಿಡಿದ. ಹೋಳು ಬೇರೆಯಾದಾಗ ತಣ್ಣನೆಯ ಹಸಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಇಬ್ಬರೂ ಭುಜದವರೆಗೆ ತೋಳು ಇಳಿಸಿ ನಾರಿನೊಳಗಿಂದ ಬೀಜ ಹೆಕ್ಕಿದರು. ಒಂದೊಂದೂ ಹೆಬ್ಬೆರಳಿನ ಉಗುರಿನ ಎರಡರಷ್ಟು. ತೊಳೆದು, ಜೊಳ್ಳು ತೇಲಿಸಿ ತೆಗೆದ ಮೇಲೆ ನಾನೂರ ಹದಿನಾರು ಉಳಿದವು.

“ಎಲ್ಲ ನಿಮ್ಮವೇ,” ಎಂದ ಬೇಕರಿಯವನು.

“ಅರ್ಧ ಇಲ್ಲಿರ್ಲಿ, ಅರ್ಧ ಅಲ್ಲಿರ್ಲಿ,” ಎಂದರು ನರ್ಸಮ್ಮ. “ಮುಂದಿನ ವರ್ಷ ಇನ್ನೊಂದು ಮನೆ ಹುಡುಕೋಣ. ಬರೆದಿಡೋರು ಯಾರಾದ್ರೂ ಇದ್ರೆ ಹೇಳು.”

ಬೀಜಗಳನ್ನು ಬ್ರೆಡ್ ಆರಿಸುವ ತಂತಿ ಜಾಲರಿಗಳ ಮೇಲೆ ಒಂದಕ್ಕೊಂದು ತಾಗದಂತೆ ಹರಡಿದರು. ದಿನಕ್ಕೆರಡು ಸಲ ನರ್ಸಮ್ಮ ಬಂದು ಒಂದೊಂದನ್ನೇ ಮಗುಚಿ ಹಾಕುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಗಂಡನೂ ಜೊತೆಗೆ ಬಂದಿದ್ದ. ಮಾತಾಡುತ್ತಲೇ ಕುರ್ಚಿಗೊರಗಿ ನಿದ್ದೆ ಹೋಗಿದ್ದ. ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಒಣಗಿದ ಬೀಜಗಳ ಮೇಲಿನ ತೆಳುಪೊರೆ ಅಂಚಿನಲ್ಲಿ ಏಳತೊಡಗಿತ್ತು. ನರ್ಸಮ್ಮನ ಬೆರಳು ತಾಗಿ ಒಂದು ಪೊರೆ ಬಿಟ್ಟುಕೊಂಡಿತು; ಗಾಳಿಯಲ್ಲಿ ತೇಲಿ, ಕಿಟಕಿಯ ಬೆಳಕಿನಲ್ಲಿ ಒಮ್ಮೆ ಮಿನುಗಿ, ಗಂಡನ ಭುಜದ ಮೇಲೆ ಇಳಿಯಿತು. ಅವರು ಅದನ್ನು ಕೊಡವಲಿಲ್ಲ. ಮುಂದಿನ ಬೀಜ ಮಗುಚಿದರು.