ಹೊಲ ನುಂಗಿದ ಕುಡ

ಗೋಗಿ ಊರಿನ ಆಚೆಗಿನ ಆ ಕಪ್ಪುಮಣ್ಣಿನ ಎರೆಹೊಲದಲ್ಲಿ ಈಗ ಜೋಳವಿಲ್ಲ, ತೊಗರಿಯಿಲ್ಲ. ಗೌಡರು ಅದನ್ನು ಸೋಲಾರ್ ಕಂಪನಿಗೆ ಕೊಟ್ಟಿದ್ದಾರೆ. ಕಂಬ ನೆಡಲು ಜೆಸಿಬಿ ತೋಡಿದ ಗುಂಡಿಗಳ ಬದಿಯಲ್ಲಿ ಹೆಂಗಸರು ಕಲ್ಲು ಆರಿಸುತ್ತಾರೆ. ನೆರಳಿಗೆ ಒಂದು ಗಿಡವಿಲ್ಲ. ಇದ್ದ ಬೇವಿನ ಮರವನ್ನೂ ಕಡಿದರು. ಅದು ಹೋದದ್ದಕ್ಕೆ ಅವರಲ್ಲಿ ಮುದುಕಿ ಶೇಖಮ್ಮ ಮಾತ್ರ ಮರುಗಲಿಲ್ಲ. ಅವಳ ಅಪ್ಪ ಲಾಲಪ್ಪನನ್ನು ಕಟ್ಟಿ ಹೊಡೆದದ್ದು ಅದೇ ಮರಕ್ಕೆ.

"ಶೇಖವ್ವ, ಇದೇನ್ ನೋಡಬೇ," ಎಂದು ಇಮಾಮಬೀ ಗುಂಡಿಯ ಮಣ್ಣಿನಿಂದ ಒಂದು ಕಬ್ಬಿಣ ಎಳೆದಳು. ಮೊಳದುದ್ದದ ಪಟ್ಟಿ. ಮುಟ್ಟಿದರೆ ತುಕ್ಕು ಪದರುಪದರಾಗಿ ಉದುರುತ್ತಿತ್ತು.

"ಹಳೇ ಕಾಲದ ಕತ್ತಿ ಇರಬೇಕು," ಎಂದ ಕಂಪನಿಯ ಇಂಜಿನಿಯರ್.

"ಕತ್ತಿ ಅಲ್ರಿ ಸಾಹೇಬ್ರ, ಕುಡ. ಕಳೆ ತೆಗಿಯಾಕ ಎತ್ತಿಗಿ ಹೂಡೋ ಕುಂಟಿಗಿ ಬಡೀತಿದ್ರು," ಎಂದು ಹೆಂಗಸರು ನಕ್ಕರು.

ಏನು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಯಾವುದು ಎಂಬುದು ಶೇಖಮ್ಮನಿಗೆ ಮಾತ್ರ ಗೊತ್ತಾಯಿತು. ಸೆರಗಿನಿಂದ ತಿಕ್ಕಿದಳು. ಒಂದು ತುದಿಯಲ್ಲಿ ಬೆಸುಗೆ ಹಾಕಿದ ತುಂಡಿತ್ತು. ಕಲ್ಲಿಗೆ ಬಡಿದು ಮುರಿದಿದ್ದ ಕುಡಕ್ಕೆ ಕಮ್ಮಾರ ಆ ತುಂಡು ಕೂಡಿಸುವಾಗ ಚಿಕ್ಕಂದಿನಲ್ಲಿ ತಿದಿ ಒತ್ತಿದವಳು ಅವಳೇ. 

ಎರೆಹೊಲ ಬೇಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ. ಕುಡಗೋಲು, ಚಂಬು, ಕುರಿಮರಿಯ ಕಾಲು, ಏನು ಸಿಕ್ಕರೂ ನುಂಗುತ್ತದೆ. ಗೌಡರ ಆಳಾಗಿದ್ದ ಲಾಲಪ್ಪ ಅಂದು ಕುಂಟೆಯ ಕುಡ ಕಳಚಿ ಬಿರುಕಿನ ಬದಿಗಿಟ್ಟಿದ್ದ. ಎತ್ತು ಕಾಲು ಝಾಡಿಸಿತು, ಕುಡ ಒಳಗೆ ಹೋಯಿತು. ತೋಳುದ್ದ ಕೈ ಹಾಕಿದರೂ ಸಿಗಲಿಲ್ಲ. ಹಾರೆ ತರಲು ಊರಿಗೆ ಓಡಿದ. ಅಷ್ಟರಲ್ಲಿ ಮಳೆ ಬಿದ್ದು ಹೊಲ ಬಾಯಿ ಮುಚ್ಚಿಕೊಂಡಿತು.

"ಹೊಲ ನುಂಗ್ಯಾದ್ರಿ ಧಣಿ. ಅಗದು ತಗದು ಕೊಡ್ತೀನ್ರಿ," ಎಂದು ಕಾಲಿಗೆ ಬಿದ್ದ.

"ನನ್ನ ಹೊಲ ಕಬ್ಬಣ ತಿಂತದೇನಲೇ ಮಗನ?" ಎಂದು ದೊಡ್ಡಗೌಡ ಮರಕ್ಕೆ ಕಟ್ಟಿಸಿ ಬಾರುಕೋಲಿನಿಂದ ಹೊಡೆಸಿದ. ಅಷ್ಟಕ್ಕೂ ಹೊಟ್ಟೆ ತುಂಬಲಿಲ್ಲ. ಮಲ್ಲಯ್ಯನ ಗುಡಿಗೆ ಎಳೆದೊಯ್ದು ದೇವರ ಅರಿಶಿನದ ಭಂಡಾರ ಮುಟ್ಟಿಸಿದ. "ಕದ್ದಿದ್ರ ನನ್ನ ಮಗ ಉಳೀಬಾರದು," ಎಂದು ಲಾಲಪ್ಪನ ಬಾಯಿಂದ ಹೇಳಿಸಿದ.

ಆ ಮಳೆಗಾಲದಲ್ಲೇ ಲಾಲಪ್ಪನ ಮಗ, ತೊಟ್ಟಿಲ ಕೂಸು, ವಾಂತಿಭೇದಿಯಿಂದ ಹೋಯಿತು. ಊರಿಗೆ ಇನ್ನೇನು ಬೇಕು? ಊರು ಹಾಳಾಗಲಿ, ಹೆಂಡತಿಯೇ ಲಾಲಪ್ಪನಿಗೆ ರೊಟ್ಟಿ ನೀಡುವಾಗ ಮುಖ ನೋಡುವುದನ್ನು ಬಿಟ್ಟಳು. "ಒಂದು ಕಬ್ಬಣದ ಸಲುವಾಗಿ ಕೂಸಿನ ತಿಂದಿ," ಎಂದಳು. ಹಾಗೆ ತಿಳಿದುಕೊಂಡೇ ಸತ್ತಳು. ಕಳ್ಳನೆನಿಸಿಕೊಂಡೇ ಲಾಲಪ್ಪನೂ ಸತ್ತ. ಶೇಖಮ್ಮ ಕಳ್ಳನ ಮಗಳಾಗಿಯೇ ಮುದುಕಿಯಾದಳು. ಖರೆ ಹೇಳಬೇಕೆಂದರೆ, ಅವಳೂ ಅಪ್ಪನನ್ನು ಪೂರ್ತಿ ನಂಬಿರಲಿಲ್ಲ. 

ದೊಡ್ಡಗೌಡನ ಮಗ ಶಿವಶರಣಗೌಡನ ಜೀಪು ಬಂತು. ಶೇಖಮ್ಮ ಮುಂದೆ ಹಿಡಿದ ಕುಡವನ್ನು ಅವನು ಹೊರಳಿಸಿ ನೋಡಿದ.

"ನಮ್ಮದೇ. ಬೆಸುಗಿ ನೆನಪದ ನನಗ."

"ಹಂಗಾರ ಇಷ್ಟು ಮಂದಿ ಎದುರಿಗಿ ಒಂದು ಮಾತು ಹೇಳ್ರಿ ಧಣಿ. ಲಾಲಪ್ಪ ಕದ್ದಿಲ್ಲ ಅಂತ. ಬ್ಯಾರೆ ಏನೂ ಬ್ಯಾಡ," ಎಂದಳು ಶೇಖಮ್ಮ.

ಗೌಡ ನಕ್ಕ. "ಸಿಕ್ಕಿದ್ದು ಮಣ್ಣಾಗ. ಹೂತಿಟ್ಟಾಂವ ಯಾರು? ನಿಮ್ಮಪ್ಪ. ಇಷ್ಟು ದಿನ ಗುಮಾನಿ ಇತ್ತು, ಈಗ ಸಾಬೀತಾತು. ಅದನ್ನೂ ನೀನೇ ತೋರಿಸಿಕೊಟ್ಟಿ." ಕುಡವನ್ನು ಅವಳ ಕಾಲಬುಡಕ್ಕೆ ಎಸೆದ. "ತೊಳದು ಜೀಪಿನಾಗ ಇಡು. ಪಡಸಾಲ್ಯಾಗ ತೂಗಹಾಕ್ತೀನಿ, ಹಿರ್ಯಾರ ನೆನಪಿಗಿ."

 ಆ ಹೆಂಗಸರಲ್ಲಿ ಎರೆಹೊಲದ ಬಿರುಕು ಕಾಣದವರು ಒಬ್ಬರೂ ಇರಲಿಲ್ಲ. ಗೌಡನೂ ಕಂಡವನೇ.

ಶೇಖಮ್ಮ ಕುಡ ಎತ್ತಿ ಸೆರಗಿನಲ್ಲಿ ಸುತ್ತಿದಳು. ತೊಟ್ಟಿಲಲ್ಲೇ ಹೋದ ತಮ್ಮನನ್ನು ಆಗ ಎತ್ತಿಕೊಳ್ಳುತ್ತಿದ್ದ ಹಾಗೆ ಬಗಲಿಗೇರಿಸಿದಳು. ಜೀಪು ದಾಟಿ ನಡೆದಳು.

"ಏ, ಎಲ್ಲಿಗಿ?"

"ಮಲ್ಲಯ್ಯನ ಗುಡಿಗ್ರಿ. ನೀವೂ ಬರ್ರಿ. ಎರಿಹೊಲ ಕಬ್ಬಣ ನುಂಗಂಗಿಲ್ಲ ಅಂತ ಭಂಡಾರ ಮುಟ್ಟಿ ಹೇಳ್ರಿ. ಮಗನ ಮ್ಯಾಲ ಆಣಿ ಬ್ಯಾಡ, ಕೂಸುಗಳದೇನು ತಪ್ಪು. ನಿಮ್ಮ ಮ್ಯಾಲೇ ಮಾಡ್ರಿ."

ಗೌಡನ ಮುಖ ಕಪ್ಪಿಟ್ಟಿತು.  "ಭೀಮು, ಗೇಟ್ ಹಾಕು. ಪೊಲೀಸರಿಗಿ ಫೋನ್ ಹಚ್ಚು. ಮಾಲು ಕಳವಾಗ್ಯಾದ ಅನ್ನು," ಎಂದು ವಾಚ್‌ಮನ್‌ನನ್ನು ಕೂಗಿದ.

"ಹಚ್ಚು ತಮ್ಮಾ," ಎಂದಳು ಶೇಖಮ್ಮ. "ಖರೇನ ಕಳವು. ಹೊಡ್ತ ನಮ್ಮಪ್ಪ ಆಗಲೇ ತಿಂದು ಮುಗಿಸ್ಯಾನ. ಮಾಲು ನಾ ಇವತ್ತ ಒಯ್ಯಾಕತ್ತೀನಿ."

ಭೀಮು ಗೇಟಿನ ಸರಪಳಿ ಹಿಡಿದು ನೆಲ ನೋಡುತ್ತ ನಿಂತ, ಹಾಕಲಿಲ್ಲ. ಅವಳನ್ನು ಅಡ್ಡಗಟ್ಟಲು ಗೌಡ ಬೈಯುತ್ತ ಜೀಪು ಹತ್ತಿದ. ಇಮಾಮಬೀ ತಲೆಯ ಮೇಲಿನ ಬುಟ್ಟಿಯ ಕಲ್ಲನ್ನು ಅದರ ಗಾಲಿಯ ಮುಂದೆ ಸುರಿದಳು.  ಅವಳ ಹಿಂದೆ ಇನ್ನೊಬ್ಬಳು ಸುರಿದಳು. ಮತ್ತೊಬ್ಬಳು ಬುಟ್ಟಿ ತುಂಬಿಕೊಳ್ಳಲು ಬಗ್ಗಿದಳು.