ಚಿಗರಿಯ ಕಣ್ಣು

ಹಿರೇಹಡಗಲಿಯ ಬೊಮ್ಮಪ್ಪನಿಗೆ ತನ್ನ ಕೈಕೆಲಸದ ಮೇಲೆ ಬಲು ಹೆಮ್ಮೆ. ಸುತ್ತಲಿನ ಊರಮ್ಮಂದಿರ ಮರದ ಮೂರ್ತಿಗಳಿಗೆಲ್ಲ ಅವನದೇ ಉಳಿ, ಅವನದೇ ಬಣ್ಣ. ಮಾಗಳದ ಮಾರೇಶ್ ಆಫ್ರಿಕಾದಿಂದ ತಂದ ಚಿಗರಿಯ ಮುಖವಾಡ ಕೊಟ್ಟು, ದಾರಿಯಲ್ಲಿ ಮುರಿದ ಕೊಂಬು ಕೂಡಿಸಿಕೊಡಿ ಎಂದಿದ್ದ. ಅಷ್ಟು ಮಾಡಿ ಸುಮ್ಮನಿರುವುದು ಬೊಮ್ಮಪ್ಪನಿಂದ ಆಗಲಿಲ್ಲ. ಕಣ್ಣಿನ ಜಾಗದಲ್ಲಿ ಬರೀ ಎರಡು ತೂತು ಇದ್ದವು. ಪಾಪ, ಯಾರೋ ಅರ್ಧಕ್ಕೇ ಕೈಬಿಟ್ಟ ಕೆಲಸ ಅಂದುಕೊಂಡ. ತೂತಿಗೆ ಮರದ ಬಿಲ್ಲೆ ಬಡಿದು, ಸ್ನಾನ ಮಾಡಿ, ಮಡಿಯುಟ್ಟು, ಕರಿಬಣ್ಣದಲ್ಲಿ ಕಣ್ಣುಗುಡ್ಡೆ ಬರೆದು ದೃಷ್ಟಿ ಇಟ್ಟ. ದೃಷ್ಟಿ ಇಟ್ಟ ಮೇಲೆ ಮರ ಬರೀ ಮರವಲ್ಲ, ಉಳಿ ತಾಗಿಸುವ ಹಾಗಿಲ್ಲ. ಅವನಪ್ಪ ಕಲಿಸಿದ್ದೇ ಹಾಗೆ.

ಮಾರೇಶ್ ಬಂದವನು ಮುಚ್ಚಿದ ತೂತುಗಳ ಮೇಲೆ ಬೆರಳಾಡಿಸಿದ.

"ಏನ್ ಮಾಡಿಬಿಟ್ರಿ ಯಜಮಾನ್ರ."

"ಯಾಕಪ, ಚಲೋ ಕಾಣವಲ್ದಾ?"

"ಇದು ಗುಡಿಯಾಗ ಕುಂದ್ರೋದಲ್ರಿ. ಮುಖಕ್ಕ ಕಟ್ಕೊಂಡು ಕುಣಿಯೋದು. ನಾಳಿ ಕುಣೀಬೇಕು."

ಮಾರೇಶ್ ಬುರ್ಕಿನಾ ಫಾಸೋದಲ್ಲಿ ಬೋರ್‌ವೆಲ್ ಲಾರಿಯ ಮೆಕ್ಯಾನಿಕ್ ಆಗಿದ್ದವನು. ಅಲ್ಲಿಯ ಗೆಳೆಯ ಯಾಕುಬಾನ ಹಿರೀಕನೊಬ್ಬ ಕಾಡಿನಲ್ಲಿ ದಾರಿತಪ್ಪಿ ಬಾಯಾರಿ ಬಿದ್ದಾಗ, ಚಿಗರಿಯೊಂದು ಅವನನ್ನು ನೀರಿಗೆ ಕರೆದೊಯ್ದಿತಂತೆ. ಅಂದಿನಿಂದ ಪ್ರತಿವರ್ಷ ಮಳೆಗೆ ಮುಂಚೆ ಆ ಮನೆಯವರು ಅದರ ಮುಖ ತೊಟ್ಟು ಕುಣಿಯುತ್ತಾರೆ. ಕುಣಿಯುವಷ್ಟು ಹೊತ್ತು ತೊಟ್ಟವನು ಮನುಷ್ಯನಲ್ಲ, ಚಿಗರಿಯೇ. ಈಗ ಬಂದೂಕಿನವರ ಕಾಟಕ್ಕೆ ಊರೇ ಖಾಲಿಯಾಗಿ, ಯಾಕುಬಾ ತಾಯಿಯ ಜೊತೆ ನಿರಾಶ್ರಿತರ ಡೇರೆಯಲ್ಲಿದ್ದಾನೆ. ಕುಣಿಯದೆ ವರ್ಷ ಕಳೆದರೆ ಚಿಗರಿ ನಮ್ಮನ್ನು ಮರೆಯುತ್ತದೆ, ನಿಮ್ಮೂರಲ್ಲಾದರೂ ಕುಣಿಸು ಎಂದು ಅವನೇ ಇದನ್ನು ಮಾರೇಶನ ಕೈಗಿಟ್ಟಿದ್ದ. ನಾಳೆ ಅವನ ತಾಯಿ ಫೋನಿನಲ್ಲಿ ನೋಡಲು ಕಾಯುತ್ತಿರುತ್ತಾಳೆ.

"ಹಂಗಾರ ಇದರ ಕಣ್ಣು?" ಅವನ ಮಾತೆಲ್ಲ ಕೇಳಿದ ಮೇಲೆ ಬೊಮ್ಮಪ್ಪ ಅಂದ.

"ಯಾರು ತೊಡ್ತಾರೋ ಅವರ ಕಣ್ಣೇ ಇದರ ಕಣ್ಣು."

ಇಟ್ಟ ದೃಷ್ಟಿಯನ್ನು ಕೀಳುವುದೆಂದರೆ ಬೊಮ್ಮಪ್ಪನ ಕಸುಬಿನಲ್ಲಿ ಕೊಲೆಗೆ ಸಮ. ಕೀಳದಿದ್ದರೆ ಎಲ್ಲೋ ಡೇರೆಯಲ್ಲಿ ಕೂತ ಮುದುಕಿಗೆ ಮಾರೇಶ್ ಕೊಟ್ಟ ಮಾತು ಹೋಗುತ್ತದೆ. ಕೀಳಿ ಎಂದು ಮಾರೇಶ್ ಕೇಳಲೂ ಇಲ್ಲ, ಅದೇ ಹೆಚ್ಚು ಚುಚ್ಚಿತು. ಹೆಂಡತಿ ಅಂಜಿನಕ್ಕ ಹೊಸ್ತಿಲಲ್ಲಿ ನಿಂತೇ, "ಕೇಳದಂಗ ಕಣ್ಣಿಡಾಕ ನಿಮಗ ಹೇಳಿದ್ಯಾರು?" ಅಂದಳು.

ಬೊಮ್ಮಪ್ಪ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡ. ಅದಕ್ಕೆ ಕೈಮುಗಿದು ಉಳಿ ಎತ್ತಿಕೊಂಡ.

"ತೆಗೆದ ಕಣ್ಣಿಗೆ ನನ್ನ ಕಣ್ಣು ಕೊಡ್ತೀನಿ. ನಾನೇ ಕುಣೀತೀನಿ."

"ನಿಮ್ಮ ಮೊಣಕಾಲು?" ಅಂದಳು ಅಂಜಿನಕ್ಕ.

"ಚಿಗರಿಗೆಲ್ಲಿ ಮೊಣಕಾಲು ನೋವು?"

ಮರುದಿನ ಬೆಳಿಗ್ಗೆ ಮಾಗಳದ ಹೊಳೆದಂಡೆಯಲ್ಲಿ ಬೊಮ್ಮಪ್ಪ ಮೈತುಂಬ ಪುಂಡಿಗಿಡದ ನಾರು ಕಟ್ಟಿಕೊಂಡು ಮುಖವಾಡ ತೊಟ್ಟ. ಇಷ್ಟು ವರ್ಷ ದೇವರುಗಳಿಗೆ ಹೊರಗಿನಿಂದ ಕಣ್ಣಿಟ್ಟವನು ಮೊದಲ ಸಲ ಒಳಗಿನಿಂದ ನೋಡಿದ. ಹೊಳೆ ಕಂಡಿತು. ನೀರು ಕಂಡ ಚಿಗರಿಯ ಖುಷಿ ಅವನ ಕಾಲಿಗೆ ಇಳಿಯಿತು. ಮಾರೇಶ್ ಬಾರಿಸಿದ ಹಲಗೆಯ ಸದ್ದಿಗೆ ಹಾರಿದ, ಸುತ್ತಿದ, ಕೊಂಬು ಬಾಗಿಸಿ ನೀರು ಮುಟ್ಟಿದ. ಅಂಜಿನಕ್ಕ ಹಿಡಿದ ಫೋನಿನೊಳಗೆ ಮುದುಕಿ ಬಿಕ್ಕುತ್ತ ಏನೋ ಅಂದಳು. ಹಲಗೆ ನಿಂತಿತು.

"ಏನಂತಾಳ ಆಕಿ?" ಅಂಜಿನಕ್ಕ ಕೇಳಿದಳು.

ಮಾರೇಶ್ ಹಲಗೆ ಕೆಳಗಿಟ್ಟ. "ಚಿಗರಿ ನನ್ನ ನೋಡ್ತು, ಗುರುತು ಹಿಡೀತು ಅಂತಾಳ್ರಿ."

ಮುಖವಾಡದ ತೂತುಗಳಲ್ಲಿ ಎರಡು ಕಣ್ಣು ತುಂಬಿಕೊಂಡು ಫೋನಿನ ಹತ್ತಿರಕ್ಕೆ ಬಂದವು.

"ಹೂನವ್ವ," ಎಂದಿತು ಚಿಗರಿ, "ನೋಡೀನಿ."