ಆಲಿಸ್, ಪೀಟರ್ ಹೆಸರಿನ ಪಾಸು

ಗೋಡೆಯಾಚೆ ಅತ್ತೆ ಕೆಮ್ಮಿದರು. ಕೆಮ್ಮು ಎನ್ನುವಷ್ಟೂ ಇರಲಿಲ್ಲ ಅದು. ದಿಂಬಿಗೆ ಬಾಯಿ ಒತ್ತಿ ತಡೆದುಕೊಂಡರೂ ಗಂಟಲಿನಿಂದ ತಪ್ಪಿಸಿಕೊಂಡು ಬರುವಂಥ ಸಣ್ಣ ಸದ್ದು. ಹಗಲಾಗಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಆದರೆ ರಾತ್ರಿ ಒಂದೂವರೆಗೆ ಐರ್ಲೆಂಡಿನ ಅತ್ಲೋನ್‌ನ ಆ ಬೀದಿಯಲ್ಲಿ ಒಂದು ಕಾರೂ ಓಡಾಡುವುದಿಲ್ಲ. ಮೊದಲೇ ಮೈಯೆಲ್ಲ ಕಿವಿಯಾಗಿ ಮಲಗಿದ್ದ ವನಜಾಗೆ ಅದು ಬಾಗಿಲು ಬಡಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಎದ್ದು ಕುಳಿತಳು. ಇನ್ನೊಂದು ಕೆಮ್ಮಿಗಾಗಿ ಕಾದಳು. ಬರಲಿಲ್ಲ. ಅದೂ ಹೆದರಿಕೆಯೇ ಆಯಿತು.

ಮನೆಯಲ್ಲಿ ಇದ್ದವರು ಇಬ್ಬರೇ. ಅತ್ತೆ ವೇದಾವತಿ ಮೈಸೂರಿನವರು, ಅರವತ್ತೆಂಟು ವರ್ಷ, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಬಂದಿದ್ದರು. ಮಗ ಲೋಹಿತ್ ಮಾರ್ಚ್ ಎರಡನೇ ವಾರ ಆಫೀಸಿನ ಕೆಲಸದ ಮೇಲೆ ಹೈದರಾಬಾದಿಗೆ ಹೋದ. ಹತ್ತೇ ದಿನದಲ್ಲಿ ಕೊರೊನಾದಿಂದ ವಿಮಾನಗಳು ನಿಂತವು. ಈಗ ಜುಲೈ ಮುಗಿಯುತ್ತ ಬಂದಿತ್ತು. ಮಗ ಅಲ್ಲಿ, ತಾಯಿ ಇಲ್ಲಿ, ತಾಯಿಯ ಜವಾಬ್ದಾರಿಯೆಲ್ಲ ಸೊಸೆಯ ತಲೆಯ ಮೇಲೆ. ಈ ನಾಲ್ಕೂವರೆ ತಿಂಗಳಲ್ಲಿ ವನಜಾ ಹಾಲಿನ ಬಾಟಲಿಯನ್ನೂ ಸೋಪುನೀರಿನಲ್ಲಿ ತೊಳೆದೇ ಒಳಗಿಟ್ಟಿದ್ದಳು. ಅತ್ತೆಯನ್ನು ಹೊಳೆಯ ದಂಡೆಯ ತನಕ ವಾಕಿಂಗ್ ಕರೆದುಕೊಂಡು ಹೋದರೂ ಎದುರಿಗೆ ಯಾರಾದರೂ ಬಂದರೆ ರಸ್ತೆ ದಾಟಿಸುತ್ತಿದ್ದಳು. ಅಷ್ಟೆಲ್ಲ ಕಾದವಳು ಒಂದು ಶನಿವಾರ ಸೋತುಬಿಟ್ಟಿದ್ದಳು.

ಸೋತಿದ್ದು ಗೊತ್ತಾದದ್ದು ಈ ರಾತ್ರಿಗೆ ಮುಂಚೆ, ಸಂಜೆ ವೆನಿಸ್ಸಾ ಫೋನ್ ಮಾಡಿದಾಗ.

ವೆನಿಸ್ಸಾ ಮಂಗಳೂರಿನವಳು, ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸು, ವನಜಾಗೆ ಈ ದೇಶದಲ್ಲಿದ್ದ ಒಬ್ಬಳೇ ಆಪ್ತ ಗೆಳತಿ. ಯಾವಾಗಲೂ ನಗುತ್ತಲೇ ಮಾತು ಶುರು ಮಾಡುವವಳು ಆವತ್ತು ನಗಲಿಲ್ಲ.

"ಎಂತ ಮಾಡಿದ್ದು ಮಾರಾಯ್ತಿ ನೀನು? ಕಾಂಟ್ಯಾಕ್ಟ್ ಟ್ರೇಸಿಂಗ್‌ನಿಂದ ನನಗೆ ಕಾಲ್ ಬಂತು. ಆಲಿಸ್ ಇದ್ದಾರಾ, ಪೀಟರ್ ಇದ್ದಾರಾ ಅಂತ ಕೇಳ್ತಾರೆ!"

ವನಜಾ ದನಿ ತಗ್ಗಿಸಿದಳು. "ಏನಂದ್ರು?"

"ಶನಿವಾರ ಎರಡು ಗಂಟೆಯ ಟೂರ್‌ನಲ್ಲಿ ಇದ್ದವರಲ್ಲಿ ಒಬ್ಬರಿಗೆ ಪಾಸಿಟಿವ್ ಅಂತೆ. ನೀನು ಆಲಿಸ್ ಹೆಸರು ಯಾಕೆ ಬರೆದದ್ದು? ಬರೆದದ್ದು ಬರೆದೆ, ನನ್ನ ನಂಬರ್ ಯಾಕೆ ಕೊಟ್ಟದ್ದು?"

"ಪಾಸ್ ಮೇಲೆ ಆ ಹೆಸರೇ ಇತ್ತಲ್ಲ, ವೆನಿಸ್ಸಾ, ಕೊಂಡಿದ್ದು ನೀನು. ಎರಡೂ ಮ್ಯಾಚ್ ಆಗ್ಬೇಕು ಅಂದ್ಕೊಂಡೆ."

ವೆನಿಸ್ಸಾ ನಿಧಾನವಾಗಿ ಹೇಳಿದಳು: "ಆಲಿಸ್ ಊರಲ್ಲೇ ಇದ್ದಾಳೆ, ಪಾಸ್ ನಾನು ಫ್ರೆಂಡಿಗೆ ಕೊಟ್ಟದ್ದು ಅಂತ ಹೇಳಿದೆ. ಫ್ರೆಂಡಿನ ಹೆಸರು ಕೇಳಿದ್ರು. ಅವಳನ್ನು ಕೇಳಿ ಹೇಳ್ತೇನೆ ಅಂದೆ. ನಾಳೆ ಬೆಳಿಗ್ಗೆ ಪುನಃ ಮಾಡ್ತಾರೆ. ನಿನ್ನ ಹೆಸರು ಕೊಡ್ಲಾ?"

"ಒಂದು ರಾತ್ರಿ ಟೈಮ್ ಕೊಡು."

"ರಾತ್ರಿ ಎಂತಕ್ಕೆ? ಅತ್ತೆಗೆ ಜ್ವರ ಉಂಟಾ?"

"ಇಲ್ಲ. ಏನೂ ಇಲ್ಲ," ಎಂದಿದ್ದಳು ವನಜಾ. ಆಗ ಅದು ನಿಜವೂ ಆಗಿತ್ತು.

ಪಾಸುಗಳನ್ನು ವೆನಿಸ್ಸಾ ಕೊಂಡದ್ದು ಕಳೆದ ಜನವರಿಯಲ್ಲಿ, ಚಿಕ್ಕಪ್ಪನ ಮಗಳು ಆಲಿಸ್ ಮತ್ತು ಅವಳ ಗಂಡ ಪೀಟರ್ ಈಸ್ಟರಿಗೆ ಬರುತ್ತಾರೆಂದು. ಒಂದು ಸಲ ದುಡ್ಡು ಕೊಟ್ಟರೆ ಮೂರು ದಿನ ಡಬ್ಲಿನ್ನಿನ ಮ್ಯೂಸಿಯಂ, ಚರ್ಚು, ಕೋಟೆ ಎಲ್ಲ ಕಡೆ ಟಿಕೆಟ್ಟಿಲ್ಲದೆ ಒಳಗೆ ಬಿಡುವ ಸಿಟಿ ಪಾಸು. ಅವರು ಬರಲಿಲ್ಲ. ಬೇಸಿಗೆಯಲ್ಲಿ ಎಲ್ಲ ಮತ್ತೆ ತೆರೆದಾಗ, "ನನಗಂತೂ ಡ್ಯೂಟಿ. ಅತ್ತೆಯನ್ನು ಕರಕೊಂಡು ಹೋಗು, ಸುಮ್ಮನೆ ದಂಡ ಆಗ್ತದೆ" ಎಂದು ವೆನಿಸ್ಸಾ ಪಾಸುಗಳನ್ನು ಅಂಚೆಯಲ್ಲಿ ಕಳಿಸಿದ್ದಳು. ಒಂದರ ಹಿಂದೆ ಆಲಿಸ್, ಇನ್ನೊಂದರ ಹಿಂದೆ ಪೀಟರ್ ಎಂದು ನೀಲಿ ಪೆನ್ನಿನಲ್ಲಿ ಬರೆದಿತ್ತು.

ಪಾಸು ಯಾರದೆಂದು ಎಲ್ಲೂ ಯಾರೂ ಕೇಳಲಿಲ್ಲ. ಬಾಗಿಲಲ್ಲಿದ್ದವರು ದೂರದಿಂದ ಯಂತ್ರ ಹಿಡಿದು ಬೀಪ್ ಎನ್ನಿಸಿ ಒಳಗೆ ಬಿಡುತ್ತಿದ್ದರು. ಆದರೆ ಒಳಗೆ ಹೋಗುವ ಮುಂಚೆ ಹೆಸರು, ಫೋನ್ ನಂಬರ್ ಬರೆಯುವ ಪುಸ್ತಕವೊಂದು ಇರುತ್ತಿತ್ತು, ಕಾಯಿಲೆ ಹಬ್ಬಿದರೆ ತಿಳಿಸಲಿಕ್ಕೆಂದು. ಮೊದಲನೆಯ ಪುಸ್ತಕದ ಮುಂದೆ ವನಜಾ ಪೆನ್ನು ಹಿಡಿದು ನಿಂತುಬಿಟ್ಟಿದ್ದಳು. ಅಪ್ಪನ ಹೆಸರು ಒಂದು ಕಾಗದದಲ್ಲಿ ಇನಿಷಿಯಲ್ ಆಗಿ, ಇನ್ನೊಂದರಲ್ಲಿ ಪೂರ್ತಿಯಾಗಿ ಇದ್ದುದಕ್ಕೆ ಅವಳ ವೀಸಾ ಏಳು ವಾರ ತಡವಾಗಿತ್ತು. ಆಮೇಲೆ ವರ್ಕ್ ಪರ್ಮಿಟ್, ಬ್ಯಾಂಕು, ಮನೆಯ ಕರಾರು ಎಲ್ಲ ಕಡೆ ಕಲಿತದ್ದು ಒಂದೇ ಪಾಠ: ಒಂದು ಕಾಗದದ ಹೆಸರು ಇನ್ನೊಂದಕ್ಕೆ ಹೊಂದಬೇಕು. ಹೊಂದದಿದ್ದರೆ ಯಾರೋ ಎಲ್ಲೋ ಹಿಡಿಯುತ್ತಾರೆ. ಬೇರೆಯವರ ಪಾಸಿನಲ್ಲಿ ಬಂದದ್ದು ಗೊತ್ತಾದರೆ? ಮುಂದಿನ ತಿಂಗಳು ಪರ್ಮಿಟ್ ಬೇರೆ ನವೀಕರಿಸಬೇಕು. ಅವಳು ದುಂಡಗಿನ ಅಕ್ಷರದಲ್ಲಿ ಆಲಿಸ್ ಎಂದು ಬರೆದು, ಕೆಳಗೆ ಪೀಟರ್ ಎಂದು ಬರೆದು, ಪಾಸು ಕೊಂಡ ವೆನಿಸ್ಸಾಳ ನಂಬರನ್ನೇ ಹಾಕಿದಳು. ಮುಂದೆ ಹೋದಲ್ಲೆಲ್ಲ ಅದನ್ನೇ ಬರೆದಳು.

ಅತ್ತೆ ಬಗ್ಗಿ ನೋಡಿದ್ದರು. "ಇದೇನೇ? ನಾನು ಪೀಟರ್ರಾ?"

"ಶ್, ಅತ್ತೆ. ಮೆತ್ತಗೆ ಮಾತಾಡಿ."

"ಸೀರೆ ಉಟ್ಕೊಂಡಿರೋ ಪೀಟರ್ರು!" ಎಂದು ಅತ್ತೆ ಮಾಸ್ಕಿನೊಳಗೇ ನಕ್ಕಿದ್ದರು. ಆವತ್ತಿಡೀ ಅದೇ ತಮಾಷೆ. ಚರ್ಚಿನಲ್ಲಿ ಕಾಲು ನೋವು ಬಂದಾಗ, "ಪೀಟರ್ಗೆ ಸಾಕಾಯ್ತು ಕಣಮ್ಮಾ" ಎಂದರು. ಕೋಟೆಯ ಅಂಗಳದಲ್ಲಿ ಡಬ್ಬಿ ಬಿಚ್ಚಿ ಚಪಾತಿ ತಿಂದ ಮೇಲೆ, ಇನ್ನು ರೈಲಿಗೆ ಹೋಗೋಣ ಎಂದರು.

ಆಗ ಬೇಡವೆಂದವಳು ವನಜಾ. ಮೂರು ದಿನದ ಪಾಸನ್ನು ಒಂದೇ ದಿನದಲ್ಲಿ ಮುಗಿಸಬೇಕಿತ್ತು. ಮತ್ತೆ ಡಬ್ಲಿನ್ನಿಗೆ ಬರುವ ಧೈರ್ಯ ಅವಳಿಗಿರಲಿಲ್ಲ. "ಇನ್ನೊಂದೇ ಒಂದು, ಅತ್ತೆ. ಫ್ರೀ ಇದೆಯಲ್ಲ. ಹತ್ರದಲ್ಲೇ ಇದೆ."

ಅದು ಹಳೆಯ ವ್ಯಾಪಾರಿಯೊಬ್ಬನ ನೆಲಮಾಳಿಗೆಯನ್ನು ಮ್ಯೂಸಿಯಂ ಮಾಡಿದ್ದ ಜಾಗ. ಕೈಗೆ ಎಟಕುವ ಛಾವಣಿ, ಕಿಟಕಿಯಿಲ್ಲ, ಹದಿನೆಂಟು ಜನ, ಒಬ್ಬ ಗೈಡು. ಒಳಗೆ ಕಾಲಿಡುತ್ತಲೇ ವನಜಾಗೆ ತಪ್ಪಾಯಿತೆಂದು ಗೊತ್ತಾಗಿತ್ತು. ತಿರುಗಿ ಹೊರಟರೆ ಎಲ್ಲರೂ ನೋಡುತ್ತಾರೆಂದು ನಲವತ್ತೈದು ನಿಮಿಷ ನಿಂತಳು. ಅತ್ತೆ ಮಾತ್ರ ನಿಲ್ಲಲಾರದೆ ಗೋಡೆಯ ಪಕ್ಕದ ಬೆಂಚಿನ ಮೇಲೆ, ಇನ್ನಿಬ್ಬರ ನಡುವೆ ಕುಳಿತಿದ್ದರು.

ಈಗ ಅದೇ ಅತ್ತೆ ಗೋಡೆಯಾಚೆ ಮತ್ತೆ ಕೆಮ್ಮಿದರು. ಈ ಸಲ ತಡೆಯಲಾಗದೆ, ಬಿಟ್ಟು ಬಿಟ್ಟು, ನಾಲ್ಕು ಸಲ.

ವನಜಾ ಎದ್ದು ಬಂದು ಅವರ ಕೋಣೆಯ ಮುಂದೆ ನಿಂತಳು. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಳು.

"ವನಜಾ," ಎಂದಿತು ಒಳಗಿನಿಂದ ಒಣಗಿದ ದನಿ. "ಎದ್ದಿದ್ದೀಯಾ? ಒಂದ್ಲೋಟ ನೀರು ಕೊಡ್ತೀಯಾ?"

ಅವಳು ಉಸಿರು ಬಿಗಿಹಿಡಿದಳು. ಮಾಸ್ಕು ಕೆಳಗಿದೆ, ತಂದು ಹಾಕಿಕೊಂಡು ಒಳಗೆ ಹೋಗೋಣ ಎಂದು ಮೊದಲು ಅನ್ನಿಸಿತು. ಕಾಲು ಕದಲಲಿಲ್ಲ. ನನಗೂ ಅಂಟಿದರೆ ಇಬ್ಬರನ್ನೂ ನೋಡುವವರು ಯಾರು ಎಂದು ಆಮೇಲೆ ಅನ್ನಿಸಿತು. ಅದು ನ್ಯಾಯವಾದ ಮಾತಿನ ಹಾಗೆ ಇತ್ತು, ಆದರೆ ಅದಲ್ಲವೆಂದು ಅವಳಿಗೇ ಗೊತ್ತಿತ್ತು. ಬಾಗಿಲು ತೆರೆದರೆ ತಿಳಿದುಬಿಡುತ್ತದೆ. ತಿಳಿದರೆ ಡಾಕ್ಟರಿಗೆ ಹೇಳಬೇಕು. ಅವರು ಎಲ್ಲಿಗೆ ಹೋಗಿದ್ದಿರಿ ಎನ್ನುತ್ತಾರೆ, ಪುಸ್ತಕದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎನ್ನುತ್ತಾರೆ. ಸುಳ್ಳು ಹೆಸರು ಬರೆದವಳಿಗೆ ಪರ್ಮಿಟ್ ಕೊಡುತ್ತಾರೆಯೇ? ಅತ್ತೆಯ ವೀಸಾವೇ ಮುಗಿದು, ಸರ್ಕಾರ ಎರಡೆರಡು ತಿಂಗಳು ಮುಂದೂಡಿದ್ದರ ಮೇಲೆ ನಿಂತಿದೆ. ಬೆಳಿಗ್ಗೆಯ ತನಕ ಬಾಗಿಲು ತೆರೆಯದಿದ್ದರೆ, ಬೆಳಿಗ್ಗೆ ಇದು ಬರೀ ನೆಗಡಿ ಆಗಿರಬಹುದು.

"ವನಜಾ?"

ಅವಳು ಹಿಡಿಯಿಂದ ಕೈ ತೆಗೆದಳು, ಸದ್ದಾಗದಂತೆ, ಒಂದೊಂದೇ ಬೆರಳು. ಮೆಟ್ಟಿಲಿನ ಮೇಲಿನ ಹಂತದಲ್ಲಿ ಕುಳಿತು ಮಂಡಿಗೆ ಬಾಯಿ ಒತ್ತಿಕೊಂಡಳು. ಒಳಗೆ ಮಂಚ ಕಿರುಗುಟ್ಟಿತು. ಏನೋ ಬಿತ್ತು, ಉರುಳಿತು. ಮೂರನೇ ಸಲ ಅತ್ತೆ ಹೆಸರು ಹಿಡಿದು ಕರೆಯಲಿಲ್ಲ; "ಅಮ್ಮಾ" ಎಂದರು ಅಷ್ಟೆ. ತಮ್ಮ ಅಮ್ಮನನ್ನು ಕರೆದರೋ ನೋವಿಗೆ ಅಂದರೋ ತಿಳಿಯಲಿಲ್ಲ. ವನಜಾ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು. ಕತ್ತಲಲ್ಲಿ, ಮೆಟ್ಟಿಲ ಮೇಲೆ, ಯಾರೂ ನೋಡದಿದ್ದರೂ ಕಣ್ಣು ಮುಚ್ಚಿದಳು.

ಆಮೇಲೆ ಒಳಗೆ ಏನೂ ಕೇಳಿಸಲಿಲ್ಲ.

ಕೆಮ್ಮಿಗೆ ಹೆದರಿದ್ದಕ್ಕಿಂತ ನೂರು ಪಾಲು ಹೆಚ್ಚು ಹೆದರಿದಳು. ಮಾಸ್ಕು ನೆನಪಾಗಲಿಲ್ಲ. ಬಾಗಿಲು ತಳ್ಳಿ ದೀಪ ಹಾಕಿದಾಗ ಗಡಿಯಾರದಲ್ಲಿ ಎರಡು ನಲವತ್ತು. ಅತ್ತೆ ಮಂಚದ ಅಂಚಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಲೋಟ ನೆಲದಲ್ಲಿತ್ತು. ತುಟಿ ಬಿರಿದಿತ್ತು, ಹಣೆ ಕಾದ ಬಾಣಲೆಯಂತಿತ್ತು, ಎರಡು ಮಾತಿನ ನಡುವೆ ಮೂರು ಸಲ ಉಸಿರು ಎಳೆಯುತ್ತಿದ್ದರು.

"ಬಂದ್ಯಾ," ಎಂದರು. "ಹತ್ರ ಬರ್ಬೇಡ ಕಣೇ. ಪೀಟರ್ಗೆ ಜ್ವರ."

ನೀರು ಕುಡಿಸಿ, ಕಿಟಕಿ ತೆರೆದು, ವನಜಾ ರಾತ್ರಿಪಾಳಿಯ ಡಾಕ್ಟರ ನಂಬರಿಗೆ ಫೋನ್ ಮಾಡಿದಳು. ಎತ್ತಿದವರು ನಡುವಯಸ್ಸಿನ ದನಿಯ ಐರಿಷ್ ನರ್ಸು. ವನಜಾ ಅತ್ತೆಯ ವಯಸ್ಸು, ಸಕ್ಕರೆ ಕಾಯಿಲೆ ಹೇಳಿದಳು. ತಡೆಯಲಾಗದೆ ಉಳಿದದ್ದನ್ನೂ ಹೇಳಿದಳು. ಶನಿವಾರ, ಎರಡು ಗಂಟೆ, ನೆಲಮಾಳಿಗೆ, ಗೆಳತಿಯ ಪಾಸು. ಪುಸ್ತಕದಲ್ಲಿ ಆಲಿಸ್ ಅಂತ ಇರುವುದು ನಾನು, ಪೀಟರ್ ಅಂತ ಇರುವುದು ನನ್ನ ಅತ್ತೆ, ಅಕ್ಷರ ನನ್ನದು. ನನ್ನ ನಿಜವಾದ ಹೆಸರು ಇದು, ಎಂದು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು.

"ಗ್ರ್ಯಾಂಡ್, ಸರಿ, ಬರೆದುಕೊಂಡೆ," ಎಂದಳು ನರ್ಸು. "ಟಿಕೆಟ್ಟಿನ ಚಿಂತೆ ಬಿಡಮ್ಮ. ಅವರ ತುಟಿ ಯಾವ ಬಣ್ಣ ಇದೆ, ಅದನ್ನು ಹೇಳು."

ಅಷ್ಟೆ. ಆ ರಾತ್ರಿಯಲ್ಲಾಗಲಿ ಆಮೇಲಾಗಲಿ ಪಾಸಿನ ಬಗ್ಗೆ ಅದಕ್ಕಿಂತ ಹೆಚ್ಚು ಯಾರೂ ಮಾತಾಡಲಿಲ್ಲ.

ಡಾಕ್ಟರು ಮೂರೂಕಾಲಿಗೆ ಫೋನ್ ಮಾಡಿ, ಗಂಟೆಗೊಮ್ಮೆ ಏನು ನೋಡಬೇಕು, ಯಾವುದು ಕಂಡರೆ ಆಂಬುಲೆನ್ಸ್ ಕರೆಯಬೇಕು ಎಂದು ಹೇಳಿದರು. ವನಜಾ ಬೆಳಗಾಗುವ ತನಕ ಕುರ್ಚಿಯಲ್ಲಿ ಕುಳಿತು ಅತ್ತೆಯ ಉಸಿರು ಎಣಿಸಿದಳು. ಬೆಳಿಗ್ಗೆ ಇಬ್ಬರನ್ನೂ ಆಟದ ಮೈದಾನದ ಬಿಳಿ ಟೆಂಟಿಗೆ ಕರೆಸಿ ಪರೀಕ್ಷೆ ಮಾಡಿದರು. ಅತ್ತೆಗೆ ಪಾಸಿಟಿವ್ ಬಂತು, ಅವಳಿಗೆ ಇಲ್ಲ. ವೆನಿಸ್ಸಾ ದಿನಕ್ಕೆರಡು ಸಲ ಫೋನ್ ಮಾಡಿ, "ಪೀಟರಿಗೆ ಎಷ್ಟು ಉಂಟು ಆಕ್ಸಿಜನ್?" ಎಂದು ಕೇಳಿ, ಉತ್ತರ ಒಳ್ಳೆಯದಿದ್ದರೆ ಮಾತ್ರ ನಗುತ್ತಿದ್ದಳು. ಐದನೆಯ ದಿನ ಆಂಬುಲೆನ್ಸ್ ಕರೆಯಲು ವನಜಾ ಎರಡು ಸಲ ಫೋನ್ ಎತ್ತಿ ಎರಡು ಸಲ ಇಟ್ಟಳು. ಒಂಬತ್ತನೆಯ ದಿನ ಜ್ವರ ಬಿಟ್ಟಿತು.

ಹನ್ನೊಂದನೆಯ ದಿನ ಅತ್ತೆ ತಾವಾಗಿಯೇ ಎದ್ದು, ತಲೆ ಬಾಚಿ, ಮಗನಿಗೆ ವಿಡಿಯೋ ಕಾಲ್ ಮಾಡಿದರು. ವನಜಾ ಗಂಜಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಾಗ ಅವರು ಹೇಳುತ್ತಿದ್ದರು:

"ನಿನ್ ಹೆಂಡ್ತಿ ಇದ್ದಿದ್ದಕ್ಕೆ ಉಳ್ಕೊಂಡೆ ಕಣೋ. ನಡುರಾತ್ರೀಲಿ ಒಂದೇ ಒಂದ್ ಸಲ ಕೂಗ್ದೆ. ಕೂಗ್ದೇಟಿಗೆ ಓಡ್ಬಂದ್ಳು."

"ಹೌದಾ ಅಮ್ಮ?" ಲೋಹಿತ್ ಪರದೆಗೆ ಇನ್ನಷ್ಟು ಹತ್ತಿರ ಬಂದ. "ವನಜಾ, ಅಲ್ಲಿದ್ದೀಯೇನೇ? ನಿನಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?"

ವನಜಾ ಅತ್ತೆಯ ಮುಖ ನೋಡಿದಳು. ಜ್ವರದಲ್ಲಿ ಅವರಿಗೆ ಒಂದೇ ಸಲ ಕರೆದದ್ದು ನೆನಪಿತ್ತೇ, ಅಥವಾ ಮೂರೂ ನೆನಪಿದ್ದು ಮಗನಿಗೆ ಒಂದೆಂದು ಹೇಳಿದರೇ? ಅತ್ತೆ ಅವಳ ಕಡೆ ನೋಡಲಿಲ್ಲ. ಫೋನನ್ನು ಸ್ವಲ್ಪ ಓರೆ ಮಾಡಿ, ಪರದೆಯಲ್ಲಿ ಅವಳೂ ಕಾಣುವ ಹಾಗೆ ಹಿಡಿದರು.

ಪಾಸು, ಹೆಸರು, ನಂಬರು ಎಲ್ಲವನ್ನೂ ಅವಳು ಗುರುತಿಲ್ಲದವರಿಗೆಲ್ಲ ಹೇಳಿಕೊಂಡಾಗಿತ್ತು, ಕೇಳದವರಿಗೂ ಹೇಳಿದ್ದಳು. ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕುಳಿತದ್ದನ್ನು ಮಾತ್ರ ಹೇಳಿರಲಿಲ್ಲ. ಈಗ ಹೇಳಿದರೆ ಲೋಹಿತ್ ಕ್ಷಮಿಸಿಯಾನು, ವೆನಿಸ್ಸಾ "ಹೀಗೆಲ್ಲ ಆಗ್ತದೆ ಮಾರಾಯ್ತಿ" ಎಂದಾಳು. ಆ ಕ್ಷಮೆಯೇ ಅವಳಿಗೆ ಬೇಡವಾಗಿತ್ತು.

"ಥ್ಯಾಂಕ್ಸ್ ಎಲ್ಲ ಬೇಡ," ಎಂದಳು. "ಊಟ ಮಾಡಿದ್ರಾ?"

ಲೋಹಿತ್ ಊಟದ ಕತೆ ಶುರು ಮಾಡಿದ. ವನಜಾ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, ಬಿಸಿ ಇದೆ ಎಂದು ಎಚ್ಚರಿಸಿ, ಪಕ್ಕದಲ್ಲಿ ಕುಳಿತಳು. ಆ ರಾತ್ರಿಯದನ್ನು ಗಂಡನಿಗೂ ಗೆಳತಿಗೂ, ಅತ್ತೆ ತಾವಾಗಿ ಕೇಳಿದರೆ ಅತ್ತೆಗೂ, ಯಾರೆಂದರೆ ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ, ಅವನು ಮಾತಾಡುತ್ತಿರುವಾಗಲೇ, ನಿಶ್ಚಯಿಸಿಕೊಂಡಳು.